ಗುಡ್ಡದ ಬುಡದ ಎಲ್ಬೋ

ನಮ್ಮ ಮಾಲಕರು ನನ್ನ ಜೊತೆಗಾರನನ್ನು ‘ಸಾಹೇಬ್ರ’ ಎನ್ನುತ್ತಿದ್ದರು, ನನ್ನನ್ನು ‘ಲೇ ತಮ್ಮಾ’. ಇಬ್ಬರೂ ಇಂಜಿನಿಯರಿಂಗ್ ಓದಿದವರು, ಅಂಕ ನನಗೇ ಹೆಚ್ಚು. ಮಾಲಕರು ರೋಣದಲ್ಲಿ ಪೈಪಿನ ಅಂಗಡಿ ಇಟ್ಟುಕೊಂಡು ಸುತ್ತಲಿನ ಊರುಗಳಿಗೆ ನೀರಿನ ಲೈನು ಹಾಕುವ ಗುತ್ತಿಗೆ ಹಿಡಿಯುತ್ತಿದ್ದರು. ನಾವಿಬ್ಬರೂ ಅವರ ಹತ್ತಿರ ಒಂದೇ ವಾರ ಕೆಲಸಕ್ಕೆ ಸೇರಿದೆವು. ಅವನ ಅಪ್ಪ ಇಂಜಿನಿಯರ್, ಅಜ್ಜ ಓವರ್‌ಸಿಯರ್. ನನ್ನವ್ವ ನಮ್ಮೂರು ಸವಡಿಯಲ್ಲಿ ಮಂದಿಯ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು. ಊಟದ ಡಬ್ಬಿ ಬಿಚ್ಚಿದರೆ ಮೊದಲ ಚಪಾತಿ ನನಗೇ ಕೊಡುತ್ತಿದ್ದ. ಮಾಲಕರ ಮುಂದೆ ತಾನೇ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದ; ನಾನು ‘ಕುಂದ್ರು’ ಅನ್ನಿಸಿಕೊಳ್ಳುವವರೆಗೆ ನಿಂತೇ ಇರುತ್ತಿದ್ದೆ. ಆ ಕುರ್ಚಿ ಎಳೆಯುವ ಸದ್ದಿಗೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು.

ಗಜೇಂದ್ರಗಡದಲ್ಲಿ ಗುಡ್ಡದ ಮೇಲಿನ ಟಾಕಿಗೆ ನೀರೇರಿಸುವ ಕೆಲಸ ನಡೆದಿತ್ತು. ಅದು ಮುಗಿದ ಮೇಲೆ ನರಗುಂದದ ದೊಡ್ಡ ಕೆಲಸವನ್ನು ಇಬ್ಬರಲ್ಲಿ ಒಬ್ಬನಿಗೆ ಒಪ್ಪಿಸುವುದಾಗಿ ಮಾಲಕರು ಹೇಳಿದ್ದರು. ನನಗೆ ಅದು ಬೇಕೇ ಬೇಕಿತ್ತು.

ಗುಡ್ಡದ ಬುಡದಲ್ಲಿ ಮೋಟರ್ ಮನೆ. ಅಲ್ಲಿಂದ ಹೊರಟ ಪೈಪು ಮೇಲಕ್ಕೆ ತಿರುಗುವ ಜಾಗಕ್ಕೆ ಎಲ್ಬೋ ಬೇಕು, ಮಡಚಿದ ಮೊಣಕೈಯಂಥ ತುಂಡು. ಅವನು ಅಂಗಡಿಯಿಂದ ಸತು ಲೇಪಿಸಿದ ಜಿ.ಐ. ಎಲ್ಬೋ ತಂದಿಟ್ಟ.

“ಇದು ಮನಿ ನಳಕ್ಕ ಚಲೋ, ಇಲ್ಲಿ ಬ್ಯಾಡ. ಗುಡ್ಡದಷ್ಟು ಎತ್ತರದ ನೀರು ಇದರ ಮ್ಯಾಲ ಕುಂತಿರತೈತಿ,” ಎಂದೆ.

“ದೋಸ್ತ, ಜಿ.ಐ. ಅಂದ್ರ ಗಟ್ಟಿ. ತುಕ್ಕ ಹಿಡಿಯಂಗಿಲ್ಲ.”

“ಮ್ಯಾಲಿನ ಸತು ತುಕ್ಕ ತಡೀತೈತಿ. ನೀರಿನ ಹೊಡತ ತಡಿಯೂದು ಒಳಗಿನ ಕಬ್ಬಿಣ. ಇದು ಬರೇ ಎರಕದ್ದು. ಬಡದು ಮಾಡಿದ ಉಕ್ಕಿನ ಎಲ್ಬೋ ತರಸೋಣು.”

ಮಾಲಕರು ನಕ್ಕರು. “ಲೇ ತಮ್ಮಾ, ಭಾಳ ಅಂಜಬುರುಕ ಅದಿ ನೋಡ. ಸಾಹೇಬ್ರ ಹೇಳಿದ್ರಲ್ಲ, ಬಿಡು.”

ಹೊಸ ಲೈನಿಗೆ ನೀರು ಬಿಡುವ ದಿನ ಟಾಕಿಯ ಹತ್ತಿರ ಪೂಜೆ ಮಾಡಿ ಕಾಯಿ ಒಡೆಯುವುದು ನಮ್ಮಲ್ಲಿ ರೂಢಿ. ಒತ್ತಡ ಅಳೆಯುವ ಗೇಜನ್ನೂ ಅಲ್ಲೇ ಹಚ್ಚುತ್ತಾರೆ. ನೆರೆದ ಮಂದಿಗೆಲ್ಲ ಮುಳ್ಳು ಕಾಣಬೇಕಲ್ಲ! ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಬುಡದಲ್ಲೇ ಎಲ್ಲಕ್ಕಿಂತ ಹೆಚ್ಚು ಎಂಬುದು ಕಾಯಿಯ ಗದ್ದಲದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಮಾಲಕರು, ಅವನು, ಊರ ಹಿರಿಯರು ಗುಡ್ಡ ಹತ್ತಿದರು. ಮೋಟರ್ ಹಚ್ಚಲು ನಾನು ಕೆಳಗುಳಿದೆ.

ನೀರು ಏರಿತು. ಎಲ್ಬೋದ ಸಂದಿಯಲ್ಲಿ ಬೆವರಿನಂಥ ಹನಿ ಮೂಡಿತು. ಖರೇ ಹೇಳುತ್ತೇನೆ, ನನಗೆ ಖುಷಿಯಾಯಿತು. ಆದರೂ ಅವನಿಗೆ ಫೋನ್ ಮಾಡಿದೆ. “ಎಲ್ಬೋ ಒಸರಾಕ ಹತ್ತೇತಿ.”

“ಇಲ್ಲಿ ಮುಳ್ಳು ಭಾಳ ಕೆಳಗ ಐತೋ. ಏನೂ ಆಗೂದಿಲ್ಲ.” ಹಿಂದೆ ಯಾರೋ ‘ಸಾಹೇಬ್ರಿಗೆ ಹಾರ ಹಾಕ್ರಿ’ ಅಂದದ್ದು ಕೇಳಿಸಿತು, ಆಮೇಲೆ ಚಪ್ಪಾಳೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮೋಟರ್ ನಿಂತದ್ದೇ, ಪೈಪಿನಲ್ಲಿದ್ದ ನೀರೆಲ್ಲ ಗುಡ್ಡದಿಂದ ಹೊರಳಿ ಬಂದು ಬುಡಕ್ಕೆ ಬಡಿಯಿತು. ಎಲ್ಬೋ ಸೀಳಿತು. ಬಾಗಿಲಿನಾಚೆ ಇದ್ದೆ, ಬಚಾವಾದೆ. ತಲೆಯಿಂದ ಕಾಲಿನವರೆಗೆ ತೊಯ್ದೆ. ನಿಂತಲ್ಲೇ ನರಗುಂದ ನನ್ನದಾಯಿತು ಅಂದುಕೊಂಡೆ.

ಎಲ್ಲರೂ ಇಳಿದು ಬಂದರು. ಅವನು ಕೊರಳಲ್ಲಿನ ಹಾರ ತೆಗೆಯದೆಯೇ ಸೀಳಿದ ತುಂಡನ್ನು ಎತ್ತಿಕೊಂಡು ಎಲ್ಲರೆದುರು ಹೇಳಿದ: “ಇಂವ ಮೊದಲ ಹೇಳಿದ್ದ ರೀ. ನಾ ಕೇಳಲಿಲ್ಲ. ತಪ್ಪು ನಂದ.”

ಹಿರಿಯರು ತಲೆದೂಗಿದರು. ಮಾಲಕರು ಅವನ ಬೆನ್ನು ತಟ್ಟಿದರು. “ನೋಡ್ರಿ, ಮನಷ್ಯಾ ಅಂದ್ರ ಹಿಂಗಿರಬೇಕ!” ನನ್ನ ಕಡೆ ತಿರುಗಿ, “ಲೇ ತಮ್ಮಾ, ಅರಬಿ ಹಿಂಡ್ಕೊ, ನೆಗಡಿ ಆದೀತು,” ಎಂದರು.

ಆ ಎಲ್ಬೋ ನಾನು ಹಾಕಿದ್ದರೆ? ‘ಕೂಲಿಯವರ ಹುಡುಗ, ಇಷ್ಟೇ ಇವನ ಓದು’ ಎಂದು ಮರುದಿನವೇ ಕಳಿಸುತ್ತಿದ್ದರು. ಅವತ್ತು ನಾನು ಅವನ ಕುರ್ಚಿಗಿಂತ, ಅವನ ಹಾರಕ್ಕಿಂತ ಹೆಚ್ಚು ಹೊಟ್ಟೆಕಿಚ್ಚುಪಟ್ಟದ್ದು ಆ ಒಂದು ಮಾತಿಗೆ. ತಪ್ಪು ನಂದು ಎಂದು ಹೇಳಿಯೂ ಅವನು ನಿಶ್ಚಿಂತೆಯಿಂದ ಚಹಾ ಕುಡಿದ.

ನರಗುಂದ ಅವನಿಗೇ ಹೋಯಿತು. ಸಾಮಾನು ಆರಿಸಲು ನಾನೇ ಬೇಕೆಂದು ಅವನೇ ಹಟ ಹಿಡಿದನಂತೆ. ಈಗ ಅಲ್ಲಿಂದ ದಿನಾ ಫೋನ್ ಮಾಡುತ್ತಾನೆ: “ದೋಸ್ತ, ಇಲ್ಲಿ ಯಾವುದು ಹಾಕ್ಲಿ?” ನಾನು ಉಕ್ಕಿನದೇ ಹೇಳುತ್ತೇನೆ, ಗೇಜು ಬುಡಕ್ಕೆ ಹಚ್ಚಲು ಹೇಳುತ್ತೇನೆ. ಹೊಟ್ಟೆಕಿಚ್ಚು ಇದೆಯೆಂದು ನೀರಿನ ಲೈನು ಕೆಡಿಸಲಾಗುತ್ತದೆಯೇ?

ಮೊನ್ನೆ ಅಲ್ಲಿಯೂ ಕಾಯಿ ಒಡೆದರು. ನಾನೂ ಹೋಗಿ ಬುಡದಲ್ಲಿ ಗೇಜಿನ ಮುಳ್ಳು ನೋಡುತ್ತ ನಿಂತಿದ್ದೆ. ಒಂದು ಹನಿಯೂ ಒಸರಲಿಲ್ಲ. ಮೇಲೆ ಅವನಿಗೆ ಮತ್ತೆ ಹಾರ ಹಾಕಿದರು.