ಬಸಮ್ಮ ಬೊಂಬೆ ಬಿಟ್ಟು ಏಳಲಿಲ್ಲ

ಗೆಳೆಯರೇ, ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನಾವು ನಲವತ್ತು ಜನ ಇವತ್ತು ಹದಿನೈದು ನಿಮಿಷದ ಟೀ ಬಿಡುವಿನಲ್ಲಿ ಜೀವ ಉಳಿಸುವುದನ್ನು ಕಲಿತೆವು. ಕಲಿತದ್ದು ಹೀಗೆ: ನೆಲದ ಮೇಲೆ ಮಲಗಿಸಿದ ರಬ್ಬರ್ ಬೊಂಬೆಯ ಎದೆಯ ಮೇಲೆ ಒಬ್ಬೊಬ್ಬರೇ ಕೈಯಿಡುವುದು, ಸೂಪರ್‌ವೈಸರ್ ಫೋಟೋ ತೆಗೆಯುವುದು, ನಾವು ಎದ್ದು ಹೋಗುವುದು.

"ಸಾಕು ಸಾಕು, ಫೋಟೋ ಬಂತು. ನೆಕ್ಸ್ಟ್!"

ಪ್ಯಾಕಿಂಗ್ ವಿಭಾಗದ ಬಸಮ್ಮ ಮಾತ್ರ ಏಳಲಿಲ್ಲ. ಅವರು ಯಾದಗಿರಿ ಕಡೆಯವರು. "ಪಟ ಆಮ್ಯಾಲ ತಗೀರಿ ಸಾರ್. ಎಷ್ಟು ಒತ್ತಬೇಕು, ಅದನ್ನ ಹೇಳ್ರಿ. ನಮ್ಮ ತಮ್ಮಗ ಕರೆಂಟ್ ಹೊಡದಾಗ ಬಾಯಾಗ ನೀರು ಹಾಕ್ಕೋತ ಕುಂತ್ವಿ, ಹೋಗೇಬಿಟ್ಟ. ಈಗ ನನ್ ಗಂಡನೂ ಇಲ್ಲೇ ವೆಲ್ಡಿಂಗ್‌ನಾಗ ಅದಾನ."

"ಲೈನ್ ನಿಂತಿದೆ ಕಣಮ್ಮಾ! ಸರ್ಟಿಫಿಕೇಟ್ ಎಲ್ರಿಗೂ ಬರುತ್ತೆ."

"ಸರ್ಟಿಫಿಕೇಟ್ ಎದಿ ಮ್ಯಾಲ ಇಟ್ರ ಉಸಿರು ಬರ್ತೈತೇನ್ರಿ?"

ನನಗೆ ತಡೆಯಲಾಗಲಿಲ್ಲ. ಹೋಗಿ ಅವರ ಪಕ್ಕ ಕುಳಿತೆ. ಕಲಿಸಲು ಬಂದಿದ್ದ ನರ್ಸ್ ಸೂಪರ್‌ವೈಸರ್ ಮುಖ ನೋಡದೆ ಬಸಮ್ಮನ ಅಂಗೈಗಳನ್ನು ಒಂದರ ಮೇಲೊಂದು ಜೋಡಿಸಿದರು. "ಮೊಣಕೈ ಮಡಚ್ಬೇಡಿ ಅಕ್ಕ. ಎದೆ ಎರಡು ಇಂಚು ಇಳೀಬೇಕು." ಬಸಮ್ಮ ಗಟ್ಟಿಯಾಗಿ ಎಣಿಸುತ್ತ ಮೂವತ್ತು ಸಲ ಒತ್ತಿದರು. ಆಮೇಲೆ ನಾನೂ ಒತ್ತಿದೆ. ಇಬ್ಬರೂ ಬೆವೆತುಹೋದೆವು.

ಸಂಜೆ ನೋಟಿಸ್ ಬೋರ್ಡಿನಲ್ಲಿ ಎರಡು ಪಟ್ಟಿ ಅಂಟಿಸಿದ್ದರು. ಕೈಯಿಟ್ಟು ಎದ್ದವರೆಲ್ಲ 'ತರಬೇತಿ ಪಡೆದವರು'. ಬಸಮ್ಮ ಮತ್ತು ನಾನು 'ಬಿಡುವಿನಿಂದ ತಡವಾಗಿ ಬಂದವರು'.

ನಮ್ಮಲ್ಲಿ ಯಾರಾದರೂ ಕುಸಿದು ಬಿದ್ದರೆ ದಯವಿಟ್ಟು ಎರಡನೇ ಪಟ್ಟಿ ನೋಡಿ ಕರೆಯಿರಿ.