ಜಾಯ್‌ಸ್ಟಿಕ್ಕಿಗೆಂದು ಬಿಟ್ಟ ಒಂದು ಗೇಣು

ನನ್ನ ಮೇಜಿನ ಬಲಭಾಗದಲ್ಲಿ ಒಂದು ಗೇಣಿನಷ್ಟು ಜಾಗ ಕೆಲವು ವಾರ ಖಾಲಿ ಬಿದ್ದಿತ್ತು. ವಕೀಲನ ಮೇಜಿನಲ್ಲಿ ಖಾಲಿ ಜಾಗವೆಂಬುದು ನಮ್ಮೂರಿನ ಬಲ್ಮಠ ಪೇಟೆಯಲ್ಲಿ ಕಾರು ನಿಲ್ಲಿಸಲು ಸಿಗುವ ಜಾಗದಷ್ಟೇ ದುರ್ಲಭವಾದ್ದರಿಂದ ಮನೆಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಒಬ್ಬರು ಕನ್ನಡಕ ಇಡಲು ನೋಡಿದರು, ಇನ್ನೊಬ್ಬರು ತಮ್ಮ ಮಗಳ ಮದುವೆಯ ಕಾಗದವನ್ನೇ ಇಟ್ಟರು. ನಾನು ಎಲ್ಲವನ್ನೂ ವಿನಯದಿಂದಲೇ ತೆಗೆದು ಬೇರೆ ಕಡೆ ಇಡುತ್ತಿದ್ದೆ. ಅದು ಇನ್ನೂ ಕೊಳ್ಳದ, ಕೊಳ್ಳಬೇಕೋ ಬೇಡವೋ ಎಂದೇ ತೀರ್ಮಾನವಾಗದ ಒಂದು ಜಾಯ್‌ಸ್ಟಿಕ್ಕಿಗಾಗಿ, ಅಂದರೆ ಕಂಪ್ಯೂಟರ್ ಆಟದ ಹಿಡಿಕೋಲಿಗಾಗಿ, ಕಾಯ್ದಿರಿಸಿದ ಸ್ಥಳವೆಂದು ಹೇಳಲು ನಾಚಿಕೆಯಾಗುತ್ತಿತ್ತು.

ಜಾಗದ ತಕರಾರುಗಳಲ್ಲೇ ತಲೆ ನೆರೆಸಿಕೊಂಡ ಈ ಮನುಷ್ಯನಿಗೂ ಅಂತರಿಕ್ಷ ಯುದ್ಧಕ್ಕೂ ಏನು ಸಂಬಂಧವೆಂದು ನೀವು ಕೇಳಿದರೆ ಆಕ್ಷೇಪಿಸುವಂತಿಲ್ಲ. ಇದಕ್ಕೆಲ್ಲ ಮೂಲ ನನ್ನ ಕಾಲೇಜು ದಿನಗಳ ಗೆಳೆಯ ಹಮೀದ್. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದು ಈಗ ಕಂಕನಾಡಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ಅವನು, ಅಲ್ಲಿಂದ ತಂದ ಅನೇಕ ಅಭ್ಯಾಸಗಳ ಜೊತೆಗೆ ಅಂತರಿಕ್ಷ ಯುದ್ಧದ ಈ ಕಂಪ್ಯೂಟರ್ ಆಟವನ್ನೂ ತಂದ. ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಅವನ ಮನೆಯ ಕಂಪ್ಯೂಟರಿನ ಮುಂದೆ, ನಾನು ನನ್ನ ಮನೆಯದರ ಮುಂದೆ ಕೂತು, ಒಂದೇ ನಕ್ಷತ್ರಮಂಡಲದಲ್ಲಿ ಎರಡು ಪುಟ್ಟ ನೌಕೆಗಳನ್ನು ಹಾರಿಸುತ್ತೇವೆ. ಮುಂದಿನ ವೈರಿಗಳನ್ನು ಅವನು ನೋಡಿಕೊಳ್ಳುವುದು, ಅವನ ಬೆನ್ನನ್ನು ನಾನು ಕಾಯುವುದು ಎಂಬುದು ಒಪ್ಪಂದ. ನಾನು ಅತಿ ಹೆಚ್ಚು ಗುಂಡು ಹಾರಿಸಿದ್ದು ಆ ಬೆನ್ನಿಗೇ.

"ಎಂತ ಮಾರಾಯ, ವೈರಿ ಆಚೆ ಉಂಟು, ನೀನು ನನಗೆ ಹೊಡೀತಿದ್ದೀಯಲ್ಲ!" ಎಂದು ಅವನು ಹೆಡ್‌ಫೋನಿನಲ್ಲಿ ಕಿರುಚುತ್ತಿದ್ದ. ನಾನು ಮೌಸ್ ಸರಿಯಿಲ್ಲವೆನ್ನುತ್ತಿದ್ದೆ. ಎರಡು ಮೌಸ್ ಬದಲಾದ ಮೇಲೂ ನನ್ನ ನೌಕೆ ಒಲೆಯ ಮೇಲಿನ ರೊಟ್ಟಿಯಂತೆ ಮಗುಚಿಕೊಳ್ಳುತ್ತಲೇ ಇದ್ದಾಗ ಹಮೀದ್ ಗಂಭೀರವಾಗಿ, "ಒಂದು ಜಾಯ್‌ಸ್ಟಿಕ್ ತೆಗೆದುಕೋ. ವಿಮಾನವನ್ನು ಯಾರಾದರೂ ಇಲಿ ಹಿಡಿದು ಓಡಿಸ್ತಾರಾ?" ಎಂದ.

ಆ ಯಂತ್ರಕ್ಕೆ ನಾನು ಮನಸ್ಸಿನಲ್ಲೇ ಆನಂದದಂಡ ಎಂದು ನಾಮಕರಣ ಮಾಡಿ, ಸಂತೋಷದಿಂದ ಹೆಂಡತಿ ಮಮತಾಳಿಗೆ ಹೇಳಿದೆ. ಸಮಾಸದ ಉತ್ತರಾರ್ಧ ಮಾತ್ರ ತನಗೆ ಒಪ್ಪಿಗೆ ಎಂದು ಅವಳು ಅಕ್ಕಿ ಆರಿಸುತ್ತಾ ಹೇಳಿದಳು.

ಅವಳ ವ್ಯಂಗ್ಯವಾಗಲೀ ಬೆಲೆಯಾಗಲೀ ನನ್ನನ್ನು ತಡೆದದ್ದಲ್ಲ. ತಡೆದದ್ದು ಒಂದು ಭಯ. ಚಿಕ್ಕಂದಿನಿಂದಲೂ ನಾನು 'ಕೈ ಸರಿಯಿಲ್ಲದವ' ಎಂದೇ ಪ್ರಸಿದ್ಧ. ನನ್ನ ಅಕ್ಷರವನ್ನು ನನ್ನ ಗುಮಾಸ್ತರು ಓದುವುದಿಲ್ಲ, ಊಹಿಸುತ್ತಾರೆ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಮನೆಯವರು ಮೊದಲು ಹತ್ತಿ ಮತ್ತು ಟಿಂಚರ್ ಹುಡುಕುತ್ತಾರೆ. ಮದುವೆಯೊಂದರಲ್ಲಿ ಪಾಯಸ ಬಡಿಸಲು ಹೊರಟವನ ಕೈಯಿಂದ, ಒಬ್ಬ ಹಿರಿಯ ನ್ಯಾಯಾಧೀಶರ ಪಂಚೆಗೆ ಅಭಿಷೇಕವಾದ ಮೇಲೆ, ಸೌಟನ್ನು ಶಾಶ್ವತವಾಗಿ ಕಿತ್ತುಕೊಳ್ಳಲಾಯಿತು. ಇಷ್ಟಾದರೂ ಪ್ರತಿ ಸಲವೂ ಮೊಳೆಯದೋ ಸೌಟಿನದೋ ತಪ್ಪು ಹುಡುಕಿ ನನ್ನ ಕೈಯನ್ನು ಸಂಶಯದ ಲಾಭ ಕೊಟ್ಟು ಬಿಡಿಸಿಕೊಂಡಿದ್ದೆ. ವೀರರಿಗೆಂದೇ ಮಾಡಿದ ಉಪಕರಣ ತಂದ ಮೇಲೂ ನೌಕೆ ಮಗುಚಿದರೆ ಇನ್ನಾರನ್ನು ದೂರಲಿ? ಕೈ ಕೆಟ್ಟದ್ದೇ ಎಂದು ತೀರ್ಪಾಗಿಬಿಡುತ್ತಿತ್ತು, ಮೇಲ್ಮನವಿಗೂ ಅವಕಾಶವಿಲ್ಲದೆ.

ಕೊಳ್ಳುವ ಧೈರ್ಯವಿಲ್ಲದವನಿಗೆ ಕುತೂಹಲ ಜಾಸ್ತಿ. ಕೋಲು ಹಿಡಿದು ಏನನ್ನಾದರೂ ನಡೆಸುವವರನ್ನು ಕಂಡಲ್ಲೆಲ್ಲ ನಿಂತು ನೋಡತೊಡಗಿದೆ. ನಮ್ಮ ಊರಿನಲ್ಲಿ ರಸ್ತೆ ಅಗೆಯುವ ಯಂತ್ರಗಳಿಗೆ ಯಾವ ಋತುವಿನಲ್ಲೂ ಬರವಿಲ್ಲವಷ್ಟೆ. ಒಂದು ಸಂಜೆ ಕೋರ್ಟಿನಿಂದ ಬರುವಾಗ, ಅಂಥದ್ದೊಂದರ ಚಾಲಕ ಎರಡೂ ಕೈಗಳಲ್ಲಿ ಹಿಡಿಕೆ ಹಿಡಿದು ಮಣ್ಣು ಎತ್ತುವುದನ್ನು ಕರಿಕೋಟಿನಲ್ಲೇ ಬಹಳ ಹೊತ್ತು ನೋಡುತ್ತಾ ನಿಂತೆ. ಅವನು ಯಂತ್ರ ನಿಲ್ಲಿಸಿ ಇಳಿದು ಬಂದು, "ಎಂತ ಸಾರ್, ಕೋರ್ಟಿನ ಸ್ಟೇ ಉಂಟಾ?" ಎಂದು ಕೇಳಿದ. ಇಲ್ಲ, ಸುಮ್ಮನೆ ನೋಡುತ್ತಿದ್ದೇನೆ ಎಂದರೆ ನಂಬಲಿಲ್ಲ. ಮರುದಿನ ಆ ಯಂತ್ರ ಅಲ್ಲಿರಲಿಲ್ಲ, ಗುಂಡಿ ಮಾತ್ರ ಇತ್ತು. ಆ ಬೀದಿಯವರು ಇದನ್ನು ಓದದಿರಲಿ.

ಕೊನೆಗೆ ಹಮೀದನೇ, ಕೊಳ್ಳುವ ಮೊದಲು ತನ್ನದನ್ನು ಹಿಡಿದು ನೋಡು ಎಂದು ಮನೆಗೆ ಕರೆದ. ಅವನದ್ದು ಹಳೆಯ ಮಾದರಿ, ನೆಟ್ಟಗೆ ನಿಂತ ಸಾದಾ ಕೋಲು. ಯಥಾವಿಧಿ ಅದನ್ನು ಬಲಕ್ಕಿಟ್ಟು ನನ್ನನ್ನು ಕೂರಿಸಿದ. ನೌಕೆ ಹೊರಟಿತು, ಮಗುಚಿತು. ಮತ್ತೆ ಹೊರಟಿತು, ಒಂದು ಉಲ್ಕೆಗೆ ಬಡಿಯಿತು. ಹಮೀದ್ ಮೆಲ್ಲನೆ ನನ್ನ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಸರಿಸಿದ. ಅವನು ಬೈದಿದ್ದರೆ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಬಿಸಿ ಬಿಸಿ ಗೋಳಿಬಜೆಯ ತಟ್ಟೆ ತಂದಿಟ್ಟರು. ಸೋತವನಿಗೆ ಹಸಿವು ಹೆಚ್ಚು. ಒಂದನ್ನು ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟಿದ್ದೆನಷ್ಟೆ, ಪರದೆಯ ಮೇಲೆ ಎರಡು ವೈರಿನೌಕೆಗಳು ಒಟ್ಟಿಗೆ ಬಂದವು. "ಹಿಡಿ, ಹಿಡಿ!" ಎಂದ ಹಮೀದ್. ನನ್ನ ಬಲಗೈ ಎಂಜಲು, ಮೇಲಿಂದ ಎಣ್ಣೆ. ಇನ್ನೊಬ್ಬರ ವಸ್ತುವನ್ನು ಎಂಜಲು ಕೈಯಲ್ಲಿ ಮುಟ್ಟುವಂತೆ ನನ್ನನ್ನು ಬೆಳೆಸಿಲ್ಲ. ಯೋಚನೆ ಮಾಡುವ ಮೊದಲೇ ಎಡಗೈ ಅಡ್ಡಬಂದು ಕೋಲನ್ನು ಹಿಡಿದಿತ್ತು.

ನೌಕೆ ನೆಟ್ಟಗಾಯಿತು. ಕೆರೆಯಲ್ಲಿ ಬಾತುಕೋಳಿ ತಿರುಗುವಷ್ಟು ಸಲೀಸಾಗಿ ತಿರುಗಿ ಒಬ್ಬನ ಹಿಂದೆ ಹೋಯಿತು, ಹೊಡೆಯಿತು, ಇನ್ನೊಬ್ಬನನ್ನೂ ಅಟ್ಟಿಸಿಕೊಂಡು ಹೋಯಿತು. ಬಾಯಿಯಲ್ಲಿದ್ದ ಗೋಳಿಬಜೆಯನ್ನು ಅಗಿಯುವುದನ್ನೇ ಮರೆತು, ಬೇರೆ ಯಾರದೋ ಕೈಯನ್ನು ನೋಡಿದಂತೆ ನನ್ನ ಕೈಯನ್ನೇ ನೋಡುತ್ತಿದ್ದೆ.

ಹಮೀದ್ ನಿಧಾನವಾಗಿ ಕೇಳಿದ: "ನೀನು ಎಡಚನಾ ಮಾರಾಯ? ಇಷ್ಟು ವರ್ಷ ಹೇಳಲೇ ಇಲ್ಲ ಅಲ್ಲ."

ನನಗೇ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ಮರೆಸಲಾಗಿತ್ತು. ಬಳಪ ಹಿಡಿಯುವ ವಯಸ್ಸಿನಲ್ಲಿ ನನ್ನ ಎಡಗೈ ಮುಂದೆ ಬಂದರೆ ಅಮ್ಮ, "ಆ ಕೈಯನ್ನು ತೊಡೆಯ ಅಡಿಗೆ ಇಡು ಮಗಾ" ಎನ್ನುತ್ತಿದ್ದರು. ಉಣ್ಣುವಾಗ ತೊಡೆಯ ಅಡಿಗೆ, ಬರೆಯುವಾಗ ತೊಡೆಯ ಅಡಿಗೆ. ಹೊಡೆದದ್ದಿಲ್ಲ, ಗದರಿದ್ದೂ ಕಡಿಮೆ. ನಾಲ್ಕು ಜನರ ಮುಂದೆ ಮಗ ಎಡಗೈಯಲ್ಲಿ ಕೊಟ್ಟು ತೆಗೆದುಕೊಂಡು ಅವಮಾನ ಪಡಬಾರದೆಂಬ ಪ್ರೀತಿ ಅದು. ಹಮೀದನ ಉಮ್ಮನೂ ಎಡಗೈಯಲ್ಲಿ ನೀಡಿದ ನೀರಿನ ಲೋಟವನ್ನು ಮುಟ್ಟುತ್ತಿರಲಿಲ್ಲವಂತೆ. ದೇವರು, ಅಡುಗೆ, ಭಾಷೆ ಎಲ್ಲದರಲ್ಲೂ ಬೇರೆಯಾದ ನಮ್ಮೆರಡು ಮನೆಗಳು ಈ ಕೈಯ ವಿಚಾರದಲ್ಲಿ ಮಾತ್ರ ಸರ್ವಾನುಮತದಲ್ಲಿದ್ದವು. ಈಗಲೂ ಕೋರ್ಟಿನಲ್ಲಿ ಕೂತು ಕಾಗದ ಓದುವಾಗ ನನ್ನ ಎಡಗೈ ತಾನಾಗಿಯೇ ತೊಡೆಯ ಅಡಿಗೆ ಸೇರಿಕೊಳ್ಳುತ್ತದೆ. ಅದು ಅಲ್ಲಿ ಏನು ಮಾಡುತ್ತಿದೆಯೆಂದು ನಾನು ಯಾವತ್ತೂ ವಿಚಾರಿಸಿರಲಿಲ್ಲ.

ಕೊಳ್ಳಬೇಕೇ ಎಂಬ ಪ್ರಶ್ನೆ ಹೀಗೆ ತೀರಿತು, ಯಾವುದನ್ನು ಎಂಬುದು ಉಳಿಯಿತು. ಅಂಗಡಿಗಳಲ್ಲಿ ಕಂಡ ಭವ್ಯ ಜಾಯ್‌ಸ್ಟಿಕ್ಕುಗಳೆಲ್ಲ ಬಲ ಅಂಗೈಯ ಉಬ್ಬುತಗ್ಗಿಗೇ ಎರಕ ಹೊಯ್ದವು. ಅವುಗಳನ್ನು ಮಾಡಿದವರಿಗೂ ನಮ್ಮ ಅಮ್ಮನಂಥ ಅಮ್ಮಂದಿರೇ ಇದ್ದಿರಬೇಕು. ಹುಡುಕಿ ಹುಡುಕಿ ಹಮೀದನದ್ದರಂಥದೇ, ಯಾವ ಕೈಯ ಪಕ್ಷವನ್ನೂ ವಹಿಸದ ಸಾದಾ ಕೋಲೊಂದನ್ನು ತರಿಸಿಕೊಂಡೆ. ವೇಗದ ಗುಂಡಿಯೂ ಅದರ ತಲೆಯಲ್ಲೇ, ಹೆಬ್ಬೆರಳಿಗೆ ಸಿಗುವಂತೆ ಇದ್ದದ್ದರಿಂದ ಇನ್ನೊಂದು ಕೈಗೆ ಕೆಲಸವಿರಲಿಲ್ಲ. ಕಡತಗಳನ್ನು ಸರಿಸಿ, ಮೇಜಿನ ಎಡಕ್ಕೆ ಅದನ್ನು ಪ್ರತಿಷ್ಠಾಪಿಸಿದೆ.

ಆ ಆದಿತ್ಯವಾರ, ನಮ್ಮ ಜೊತೆಗೇ ಇರುವ ಎಂಬತ್ತು ದಾಟಿದ ಅಮ್ಮ ಬಂದು ನನ್ನ ಹಿಂದಿನ ಕುರ್ಚಿಯಲ್ಲಿ ಕೂತದ್ದು ನನಗೆ ಗೊತ್ತಾಗಲಿಲ್ಲ. ಹಮೀದನ ಬೆನ್ನನ್ನು ಮೊದಲ ಬಾರಿಗೆ ನಿಜವಾಗಿ ಕಾಯುತ್ತಿದ್ದೆ. ತಿರುಗಿ ನೋಡಿದರೆ ಅಮ್ಮ ಪರದೆಯನ್ನು ನೋಡುತ್ತಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಾರೆ. ಈ ವಯಸ್ಸಿನಲ್ಲೂ ನನಗೆ ಒಳಗೊಳಗೇ ಹೆದರಿಕೆಯಾಯಿತು.

"ಅದು ಎಡಗೈ ಅಲ್ಲವಾ ಮಗಾ?"

"ಹೌದಮ್ಮ."

ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗಿ ಕೇಳಿದರು: "ಆಗಲೂ ಅದು ಇಷ್ಟೇ ಚುರುಕಿತ್ತಾ?"

ಜೀವನವಿಡೀ ಪಾಟೀಸವಾಲು ಮಾಡಿ ಉಂಡವನು ಎರಡೂ ಉತ್ತರಗಳನ್ನು ತೂಗಿ ನೋಡಿದೆ. ಇತ್ತು ಎಂದರೆ ಅಮ್ಮನಿಗೆ ನೋವು. ಇರಲಿಲ್ಲ ಎಂದರೆ ಇಷ್ಟು ವರ್ಷ ತಾಳಿಕೊಂಡು ಸುಮ್ಮನಿದ್ದ ಆ ಕೈಗೆ ಅನ್ಯಾಯ. ಗೊತ್ತಿಲ್ಲಮ್ಮ ಎಂದೆ. "ನಾನು ನೋಡಲೇ ಇಲ್ಲ" ಎಂದು ಅಮ್ಮ ತಮಗೇ ಹೇಳಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದರು. ನಾನು ಪರದೆಗೆ ಮರಳಿದೆ. ಆಟದಲ್ಲಿ ಮನಸ್ಸು ನಿಲ್ಲಲಿಲ್ಲ.

ಅವರು ತಿರುಗಿ ಬಂದಾಗ ಕೈಯಲ್ಲಿ ಗೋಳಿಬಜೆಯ ತಟ್ಟೆ ಇತ್ತು. ಅದನ್ನು ಎಲ್ಲಿಡುವುದೆಂದು ಮೇಜಿನ ಉದ್ದಕ್ಕೂ ಕಣ್ಣಾಡಿಸಿ, ನಾನು ಅಷ್ಟು ವಾರ ಯಾರಿಗೂ ಬಿಡದೆ ಕಾದಿದ್ದ ಬಲಭಾಗದ ಆ ಒಂದು ಗೇಣಿನಲ್ಲಿ ಇಟ್ಟರು.

"ಬಲಗೈ ಖಾಲಿಯೇ ಉಂಟಲ್ಲ, ಬಿಸಿ ಇರುವಾಗ ತಿನ್ನು" ಎಂದರು. "ಆ ಕೈ ಅದರಷ್ಟಕ್ಕೆ ಆಡಲಿ."