ಟೇಬಲ್ ತೋರಿಸಪ್ಪಾ

ನಮ್ಮ ಅತ್ತೆ ಬಚ್ಚಲುಮನೆ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷವೇ ನಮ್ಮ ಮನೆಯೊಳಕ್ಕೆ ಪೂಲ್ ಆಟ ಬಂದದ್ದು. ಅದಕ್ಕೆ ಮೊದಲು ಅದು ನಮ್ಮ ಯಜಮಾನರೊಬ್ಬರದೇ ಆಟವಾಗಿತ್ತು. ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ಚೆನ್ನೈನ ಅಣ್ಣಾ ನಗರದಲ್ಲೇ ನಮ್ಮ ಮನೆಗೆ ಹತ್ತಿರವಿದ್ದ ಕ್ಲಬ್ಬಿಗೆ ಹೋಗುವರು. ಆಟದ ಕೋಲಿನ ತುದಿಗೆ ಹಚ್ಚುವ ನೀಲಿ ಚಾಕಿನ ಪುಡಿಯನ್ನು ಬೆರಳಿಗೆಲ್ಲ ಮೆತ್ತಿಕೊಂಡು ವಾಪಸ್ಸಾಗುವರು. ಅಲ್ಲೇನು ನಡೆಯುತ್ತದೆಂದು ನಾನೂ ಕೇಳಿದವಳಲ್ಲ, ಅತ್ತೆಯೂ ಕೇಳಿದವರಲ್ಲ. ಗಂಡಸಿಗೆ ಹೋಗಿ ಬರಲು ಒಂದು ಜಾಗ ಬೇಕು, ಇವರಿಗೆ ಅದು, ಅಂತ ಬಿಟ್ಟಿದ್ದೆವು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅತ್ತೆಗೆ ಹಾಲಿನಲ್ಲೇ ಮಂಚ ಹಾಕಿದೆವು. ಎದುರಿಗೆ ಟೀವಿ. ತಮಿಳು ಸೀರಿಯಲ್ಲುಗಳಲ್ಲಿ ಅತ್ತೆಗೆ ಸೊಸೆ, ಸೊಸೆಗೆ ಅತ್ತೆ ವಿಷ ಹಾಕಲು ಹೊಂಚುವುದನ್ನು ಎರಡು ದಿನ ನೋಡಿ, "ಇದನ್ನ ನೋಡ್ತಾ ಕೂತ್ರೆ ನಿನ್ನ ಕೈ ಕಾಫಿ ಕುಡಿಯಕ್ಕೇ ಭಯ ಆಗತ್ತೆ ಕಣಮ್ಮಾ" ಎಂದು ನಕ್ಕು ಆರಿಸಿಬಿಟ್ಟರು. ಓದಲು ಕಣ್ಣು ಸೋಲುತ್ತಿತ್ತು. ಮಲಗಿ ಫ್ಯಾನು ನೋಡುವುದೇ ಕೆಲಸವಾಯಿತು. ಒಂದು ಭಾನುವಾರ ಮಧ್ಯಾಹ್ನ ನಮ್ಮವರು ಯಾವುದೋ ದೇಶದ ಪೂಲ್ ಪಂದ್ಯವನ್ನು ಇಂಟರ್ನೆಟ್ಟಿನಿಂದ ಟೀವಿಗೆ ಹಾಕಿಕೊಂಡು ಅಮ್ಮನ ಕಾಲ ಬಳಿ ಕೂತರು. ಅಮ್ಮನಿಗೆಂದು ಹಾಕಿದ್ದಲ್ಲ, ತಮಗೆ ನೋಡಬೇಕಿತ್ತು, ಅಷ್ಟೇ. ಅರ್ಧ ಗಂಟೆಯಾದ ಮೇಲೆ ಮಂಚದಿಂದ ಪ್ರಶ್ನೆ ಬಂತು.

"ಅದೇನೋ ಅದು, ಕೆಂಪು ಚೆಂಡು ಪಕ್ಕದಲ್ಲೇ ಇತ್ತು, ಅದನ್ನ ಬಿಟ್ಟು ದೂರದ್ದಕ್ಕೆ ಹೊಡೆದ?"

ನಮ್ಮವರು ವಿವರಿಸಿದರು. ಮೇಜಿನ ಮೇಲೆ ನಂಬರಿರುವ ಒಂಬತ್ತು ಚೆಂಡು. ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯಬೇಕು. ಅದು ಉಳಿದವುಗಳಲ್ಲಿ ಎಲ್ಲಕ್ಕಿಂತ ಚಿಕ್ಕ ನಂಬರಿಗೇ ಮೊದಲು ತಾಗಬೇಕು. ಒಂಬತ್ತನೆಯದನ್ನು ಯಾರು ಪಾಕೆಟ್ಟಿಗೆ ಬೀಳಿಸುತ್ತಾರೋ ಅವರಿಗೆ ಆಟ. ಇಂಥ ಹಲವು ಆಟ ಸೇರಿ ಒಂದು ಪಂದ್ಯ. ಅತ್ತೆ ಹುಡುಗಿಯಾಗಿದ್ದಾಗ ಅಣ್ಣಂದಿರ ಜೊತೆ ಕೇರಂ ಆಡಿ ಗೆಲ್ಲುತ್ತಿದ್ದವರು. ಇನ್ನೆರಡು ಹೊಡೆತ ನೋಡಿದರು. ಆಮೇಲೆ ತಾವೇ ಹೇಳಿದರು: "ಕೇರಂನಲ್ಲಿ ಸ್ಟ್ರೈಕರು ತಿರುಗಿ ಕೈಗೆ ಬರತ್ತೆ. ಇಲ್ಲಿ ಹಾಗಿಲ್ಲ. ಬಿಳೀದು ಎಲ್ಲಿ ನಿಂತ್ಕೊಳ್ತೋ ಅಲ್ಲಿಂದಲೇ ಮುಂದಿನ ಬಾಳು."

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಪೂಲ್. ಫಿಸಿಯೋಥೆರಪಿಯ ಹೆಣ್ಣುಮಗಳು ಕಾಲು ಎತ್ತಿಸಿ ಇಳಿಸುವಾಗಲೂ ಪೂಲ್. ಅಡಿಗೆಮನೆ ಕೆಲಸ ಮುಗಿಸಿ ನಾನೂ ಪಕ್ಕದಲ್ಲಿ ಕೂರುವುದು ಅಭ್ಯಾಸವಾಯಿತು. ಆಟ ಅರ್ಥವಾಗುತ್ತಾ ಬಂದಂತೆ ಸಿಟ್ಟೂ ಶುರುವಾಯಿತು. ಸಿಟ್ಟು ಆಟಗಾರರ ಮೇಲಲ್ಲ, ಕ್ಯಾಮೆರಾದ ಮೇಲೆ.

ಆಟಗಾರ ಹೊಡೆದ ಮರುಕ್ಷಣವೇ ಕ್ಯಾಮೆರಾ ಅವನ ಮುಖಕ್ಕೆ ಹಾರಿಬಿಡುತ್ತಿತ್ತು. ಬಿಳಿ ಚೆಂಡು ಮೇಜಿನ ಮೂರು ಅಂಚಿಗೆ ತಾಗಿ, ಎರಡು ಚೆಂಡುಗಳ ನಡುವೆ ನುಸುಳಿ ಬರುವ ಆ ಪ್ರಯಾಣವೇ ಆಟದ ಜೀವ. ಅಷ್ಟು ಹೊತ್ತೂ ನಾವು ಯಾರದೋ ಮೂಗು ನೋಡುತ್ತಿದ್ದೆವು. ಮತ್ತೆ ಮೇಜು ಕಾಣಿಸುವ ಹೊತ್ತಿಗೆ ಚೆಂಡು ನಿಂತಿರುತ್ತಿತ್ತು. ಮೊದಲಿನ ಹೊಡೆತವನ್ನೇ ನಿಧಾನವಾಗಿ ಇನ್ನೊಮ್ಮೆ ತೋರಿಸುತ್ತಾ ಈಗ ನಡೆಯುತ್ತಿರುವುದನ್ನು ನುಂಗಿಹಾಕುವುದು ಬೇರೆ. ಅಂಕಗಳ ಪಟ್ಟಿ ಕೆಳಗಿನ ಮೂಲೆಯ ಪಾಕೆಟ್ಟಿನ ಮೇಲೇ ಕೂತಿರುತ್ತಿತ್ತು. ಕೆಲವರು ಮೇಜಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟು, ಒಂದು ಮಾರು ದೂರವಿರುವ ಚೆಂಡುಗಳನ್ನು ಅಂಟಿಕೊಂಡಂತೆ ಕಾಣಿಸುತ್ತಿದ್ದರು. ಸಣ್ಣ ಕ್ಲಬ್ಬುಗಳ ನೇರ ಪ್ರಸಾರದಲ್ಲಂತೂ ಆಟಗಾರನ ಬೆನ್ನೇ ಪರದೆ ತುಂಬ.

"ಚುಮ್ಮಾ ಅವನ ಮೂತೀನೇ ತೋರಿಸ್ತಾನೆ! ಇವನೇನು ಹೆಣ್ಣು ನೋಡಕ್ಕೆ ಬಂದಿರೋದಾ? ಟೇಬಲ್ ತೋರಿಸಪ್ಪಾ, ಟೇಬಲ್!" ಅತ್ತೆ ದಿಂಬು ಕುಟ್ಟುವರು.

ಒಮ್ಮೆ ತಡೆಯಲಾರದೆ ನನ್ನ ಕೈಯಲ್ಲಿ ದೂರು ಬರೆಸಿದರು. ಪಂದ್ಯದ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದೆ: ನಾನು ಚೆನ್ನೈನಲ್ಲಿರುವ ವಯಸ್ಸಾದ ಹೆಂಗಸು, ದಯವಿಟ್ಟು ಚೆಂಡು ನಿಲ್ಲುವವರೆಗೆ ಮೇಜನ್ನು ತೋರಿಸಿ. ಮಾರನೆಯ ದಿನ ಯಾರೋ ಅದಕ್ಕೆ ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದರು.

"ಹಾಗಂದ್ರೆ? ಕೇಳ್ತಾನಂತಾ, ಇಲ್ವಂತಾ?"

"ನೀವು ಹೇಳಿದ್ದು ಸರಿ ಅಂತ ಅತ್ತೆ."

"ಸರಿ ಅಂತ ನನಗೂ ಗೊತ್ತು. ಮಾಡ್ತಾನಾ?"

ಮಾಡಲಿಲ್ಲ.

ಹೀಗಿರುವಾಗ ನಮ್ಮವರ ಕ್ಲಬ್ಬಿನಲ್ಲಿ ಪಂದ್ಯಾವಳಿ ಬಂತು. ಪ್ರತಿಸಲ ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದವರು ಈ ಸಲ ಗೆಲ್ಲುತ್ತಾ ಗೆಲ್ಲುತ್ತಾ ಕೊನೆಯ ಎಂಟು ಜನರೊಳಗೆ ಬಂದರು. ಐವತ್ತು ದಾಟಿದ ಮನುಷ್ಯ, ಶಾಲೆಯ ಮಗುವಿನ ಹಾಗೆ ಓಡಿಬಂದು ಸುದ್ದಿ ಹೇಳಿದರು. ಇನ್ನು ಮುಂದಿನ ಪಂದ್ಯಗಳನ್ನು ಕ್ಲಬ್ಬಿನವರು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಾರೆ. ಅದಕ್ಕೆ ಹತ್ತಿರದ ಸ್ಟುಡಿಯೋದ ಮದುವೆ ವಿಡಿಯೋದವರನ್ನು ಕರೆದಿದ್ದಾರೆ.

"ಮದುವೆ ವಿಡಿಯೋದವರಾ?" ಅತ್ತೆ ನನ್ನ ಮುಖ ನೋಡಿದರು.

ಶನಿವಾರ ಸಂಜೆ ಅತ್ತೆ ತಲೆ ಬಾಚಿಸಿಕೊಂಡು, ಬೇರೆ ಸೀರೆ ಉಟ್ಟು, ವಾಕರ್ ಹಿಡಿದು ಬಂದು ಟೀವಿ ಎದುರಿನ ಕುರ್ಚಿಯಲ್ಲಿ ಕೂತರು. ಅಲ್ಲಿಂದ ಯಾರೋ ಇವರನ್ನೂ ನೋಡುತ್ತಾರೇನೋ ಎನ್ನುವ ಹಾಗೆ. ಪ್ರಸಾರ ಶುರುವಾಯಿತು. ಮೊದಲು ಕ್ಲಬ್ಬಿನ ಬೋರ್ಡು, ಆಮೇಲೆ ಹೂವಿನ ಹಾರ ಹಾಕಿದ ದೇವರ ಪಟ, ಆಮೇಲೆ ಸಾಲಾಗಿ ಕೂತವರ ಮುಖಗಳು ಒಂದೊಂದಾಗಿ, ನಿಧಾನವಾಗಿ. ನಾದಸ್ವರವೊಂದು ಕಡಿಮೆ. ಆಟ ಶುರುವಾದ ಮೇಲೂ ಅದೇ. ನಮ್ಮವರು ಬಾಗಿದರೆ ನಮ್ಮವರ ಮುಖ, ಎದುರಾಳಿ ಬಾಗಿದರೆ ಎದುರಾಳಿಯ ಮುಖ. ಚೆಂಡು ಉರುಳುವ ಸದ್ದು ಮಾತ್ರ ಕಿವಿಗೆ. ಮೇಜು ಎಲ್ಲಿದೆಯೋ, ಅದರ ಮೇಲೆ ಏನುಳಿದಿದೆಯೋ ದೇವರಿಗೇ ಗೊತ್ತು.

ನನಗೆ ರೇಗಿಹೋಯಿತು. "ಅಯ್ಯೋ, ಟೇಬಲ್ ತೋರಿಸಪ್ಪಾ!" ಎಂದು ನಾನೇ ಕಿರುಚಿದೆ.

ಅತ್ತೆ ಕೈ ಎತ್ತಿದರು. "ಸುಮ್ನಿರಮ್ಮಾ."

ನೋಡಿದರೆ ಅವರು ಕುರ್ಚಿಯ ತುದಿಗೆ ಬಂದಿದ್ದರು. ಕಣ್ಣು ಮಿಟುಕಿಸದೆ ಮಗನನ್ನು ನೋಡುತ್ತಿದ್ದರು.

"ಕೆಳತುಟಿ ಕಚ್ಕೊಳ್ತಾನೆ ನೋಡು. ಅವರಪ್ಪ ಪಂಚಾಂಗ ನೋಡುವಾಗ ಹಾಗೇ." ಇನ್ನೊಂದು ಗಳಿಗೆ ಬಿಟ್ಟು, "ಕಣ್ಣಿನ ಕೆಳಗೆ ಎಷ್ಟು ಕಪ್ಪಾಗಿದೆ. ದಿನಾ ಎದುರಿಗೇ ಓಡಾಡ್ತಾನೆ, ಬರ್ತಾನೆ, ಹೋಗ್ತಾನೆ. ಇಷ್ಟು ಹೊತ್ತು ಅವನ ಮುಖ ನೋಡಿ ಎಷ್ಟು ಕಾಲ ಆಯ್ತೋ."

ನಾನೂ ನೋಡಿದೆ. ಕಪ್ಪಾಗಿದ್ದದ್ದು ನಿಜ. ಅಮ್ಮನ ಆಪರೇಷನ್ನಿನ ದಿನಗಳಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಇರುತ್ತಿದ್ದವರು ಅವರು. ಆ ನಿದ್ದೆ ಇನ್ನೂ ಬಾಕಿ ಇದ್ದಂತಿತ್ತು.

ಕೊನೆಯ ಆಟಕ್ಕೆ ಬರುವಾಗ ಇಬ್ಬರೂ ಸರಿಸಮ. ಇನ್ನು ಒಂಬತ್ತನೆಯದೊಂದೇ ಬಾಕಿ ಎಂದು ಅಲ್ಲಿ ಯಾರೋ ಅಂದದ್ದು ಕೇಳಿಸಿತು. ನಮ್ಮವರು ಬಾಗಿದರು. ಪರದೆ ತುಂಬ ಅವರ ಹಣೆ, ಕನ್ನಡಕ. ಟಕ್ ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ. ಮುಖ ಹಾಗೇ ಇತ್ತು.

"ಬಿತ್ತಾ, ಇಲ್ವಾ?" ನಾನು ಎದ್ದು ನಿಂತಿದ್ದೆ.

"ಬಿತ್ತು," ಎಂದರು ಅತ್ತೆ.

"ಹೇಗೆ ಹೇಳ್ತೀರಿ?"

"ತಪ್ಪಿದ್ರೆ ಇಷ್ಟು ಹೊತ್ತಿಗೆ ನಗೋನು. ಸೋತಾಗಲೆಲ್ಲ ಮೊದಲು ನಕ್ಕುಬಿಡ್ತಾನೆ, ಯಾರೂ ಏನೂ ಕೇಳಬಾರದು ಅಂತ. ಚಿಕ್ಕವನಾಗಿದ್ದಾಗಿಂದಲೂ."

ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಎದುರಾಳಿಯ ಕೈ ಪರದೆಯೊಳಗೆ ಬಂದು ನಮ್ಮವರ ಕೈ ಹಿಡಿಯಿತು.

ಮನೆಗೆ ಬಂದ ಮಗನಿಗೆ ಅತ್ತೆ ಇದ್ಯಾವುದನ್ನೂ ಹೇಳಲಿಲ್ಲ. "ಆ ಕ್ಯಾಮೆರಾದವನು ಒಂದೂ ತೋರಿಸಲಿಲ್ಲ, ನೀನೇ ತೋರಿಸು" ಎಂದರು. ನಮ್ಮವರು ಊಟದ ಮೇಜಿನ ಮೇಲೆ ನಿಂಬೆಹಣ್ಣು, ಟೊಮೇಟೊ ಜೋಡಿಸಿ, ಬಿಳಿ ಚೆಂಡಿಗೆ ಕರ್ಪೂರದ ಡಬ್ಬಿ ಇಟ್ಟು, ಕೊನೆಯ ಮೂರು ಹೊಡೆತಗಳನ್ನು ಆಡಿ ತೋರಿಸಿದರು. ಸಾರಿಗೆ ಟೊಮೇಟೊ ಬೇಕೆಂದು ನಾನು ಕಾಯುತ್ತಾ ನಿಂತೆ.

ಮುಂದಿನ ಪಂದ್ಯಕ್ಕೆ ಅತ್ತೆ ತಾವೇ ಬರುತ್ತೇನೆಂದು ಹಟ ಹಿಡಿದರು. ಕ್ಲಬ್ಬಿರುವುದು ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. "ಟೀವೀಲಿ ಕಾಣಲ್ಲ. ಕಣ್ಣಾರೆ ನೋಡ್ತೀನಿ." ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಮ್ಮವರೂ ಕ್ಲಬ್ಬಿನ ಸ್ನೇಹಿತರೂ ಎತ್ತಿಕೊಂಡು ಹತ್ತಿದರು. ಅತ್ತೆ ಕಣ್ಣು ಮುಚ್ಚಿಕೊಂಡು "ಪೆರುಮಾಳೇ, ಪೆರುಮಾಳೇ" ಎನ್ನುತ್ತಿದ್ದರು.

ಒಳಗೆ ಏಸಿಯ ಚಳಿ. ಗೋಡೆಯ ಪಕ್ಕ ಕುರ್ಚಿ ಹಾಕಿಕೊಟ್ಟರು. ಪಂದ್ಯ ಶುರುವಾಯಿತು. ಅತ್ತೆ ಕತ್ತು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಅವರು ಕೂತ ಎತ್ತರದಿಂದ ಮೇಜಿನ ಮರದ ಅಂಚು ಕಾಣುತ್ತಿತ್ತು, ಅದರ ಮೇಲೆ ಒಂದೆರಡು ಚೆಂಡಿನ ನೆತ್ತಿ. ಉಳಿದದ್ದೆಲ್ಲ ಆಟಗಾರರ ಬೆನ್ನು.

"ಇಲ್ಲಿಗೆ ಬಂದ್ರೂ ಕಾಣಲ್ವಲ್ಲಮ್ಮಾ!" ಎಂದರು, ಪಿಸುಮಾತು ಅಂದುಕೊಂಡು.

ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದವರು ತಿರುಗಿದರು. ನರೆತ ಮೀಸೆ, ಬೆವರಿಗೆ ಅಂಟಿದ ಅಂಗಿ. ಆ ಏಸಿಯಲ್ಲೂ ಬೆವರುತ್ತಿದ್ದವರು ಅವರೊಬ್ಬರೇ. "ವಾಂಗಮ್ಮಾ, ಇಂಗೆ ವಾಂಗ" ಎಂದು ಹತ್ತಿರ ಕರೆದು, ತಮ್ಮ ಪಕ್ಕಕ್ಕೇ ಕುರ್ಚಿ ಎಳೆಸಿ, ಕ್ಯಾಮೆರಾದ ಪುಟ್ಟ ಪರದೆಯನ್ನು ಅತ್ತೆಯ ಕಡೆ ತಿರುಗಿಸಿದರು.

ಒಂದು ಆಟ ಮುಗಿದು ಚೆಂಡುಗಳನ್ನು ಮತ್ತೆ ಜೋಡಿಸುವಾಗ ಇಬ್ಬರೂ ತಮಿಳಿನಲ್ಲಿ ಮಾತಾಡಿಕೊಂಡರು. ಎಲ್ಲಿ ನಿಲ್ಲುವುದಮ್ಮಾ ಎಂದರು ಅವರು. ಆಟಗಾರರು ನಾಲ್ಕು ಕಡೆಯೂ ಸುತ್ತುತ್ತಾರೆ. ನಾನು ಅಲುಗಿದರೆ ಕಣ್ಣಿಗೆ ಅಡ್ಡ ಬಂದೆ ಅಂತಾರೆ. ಈ ಕಡೆ ಕಂಬ, ಆ ಕಡೆ ರೆಫರಿ. ಒಂದೇ ಕ್ಯಾಮೆರಾ, ಒಬ್ಬನೇ ಆಳು.

"ಆದರೆ ಹೊಡೆದ ಕೂಡಲೇ ಮುಖಕ್ಕೆ ಯಾಕಪ್ಪಾ ಹೋಗ್ತೀಯಾ?" ಅತ್ತೆ ಕೇಳಿಯೇಬಿಟ್ಟರು.

ಅವರಿಗೆ ಬೇಜಾರಾದಂತೆ ಕಾಣಲಿಲ್ಲ. "ಕೈ ಅಭ್ಯಾಸಮ್ಮಾ. ತಾಳಿ ಕಟ್ಟೋ ಹೊತ್ತಲ್ಲಿ ಹುಡುಗಿ ಮುಖ ಬಿಟ್ಟರೆ ಅವರಮ್ಮ ನನ್ನ ಬಿಡ್ತಾರಾ? ಇಷ್ಟು ವರ್ಷ ಅದೇ ಮಾಡಿದ್ದು. ಏನೋ ಆಗತ್ತೆ ಅನ್ನಿಸಿದ ತಕ್ಷಣ ಕೈ ತಾನಾಗಿ ಮುಖಕ್ಕೆ ಹೋಗತ್ತೆ." ಆಮೇಲೆ ತಗ್ಗಿದ ದನಿಯಲ್ಲಿ, "ಹೋದ ವಾರ ವಿಡಿಯೋ ಕೆಳಗೆ ತುಂಬ ಬೈದು ಬರೆದಿದ್ರು. ನನ್ನ ಮಗಳು ಓದಿ ಹೇಳಿದಳು. ಅರ್ಧ ಹೇಳದೆ ಬಿಟ್ಟಳು ಅಂತ ಕಾಣತ್ತೆ."

"ಬೈಯೋರು ಬೈತಾರೆ. ನಾನೂ ಟೀವಿ ಮುಂದೆ ಕೂತು ಬೈಯೋಳೇ," ಎಂದರು ಅತ್ತೆ. "ಅಲ್ಲಿ ಒಬ್ಬ ಮನುಷ್ಯ ನಿಂತಿದಾನೆ ಅಂತ ಅನ್ಸಿರಲಿಲ್ಲ."

ಅಲ್ಲಿಂದ ಮುಂದೆ ಇಬ್ಬರೂ ಸೇರಿಯೇ ಚಿತ್ರ ತೆಗೆದಂತಾಯಿತು. ಆಟಗಾರ ಬಾಗುವಾಗ ಅತ್ತೆ ಬೆರಳಾಡಿಸುವರು, ಅವರು ದೂರಕ್ಕೆ ತೆಗೆಯುವರು, ಇಡೀ ಮೇಜು ಪರದೆಗೆ ಬರುವುದು. ಚೆಂಡುಗಳೆಲ್ಲ ನಿಂತ ಮೇಲೆ ಅತ್ತೆ ತಲೆಯಾಡಿಸುವರು, ಆಗ ಮುಖ. ಒಂದೆರಡು ಸಲ ಅಭ್ಯಾಸಬಲದಿಂದ ಕ್ಯಾಮೆರಾ ಓಡಿತು, ಮತ್ತೆ ತಿರುಗಿತು. ಎದುರಾಳಿ ಕುರ್ಚಿಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದಾಗ ಅತ್ತೆ, "ಅವನನ್ನೂ ಒಂದ್ಸಲ ತೋರಿಸು. ಅವನ ಮನೇಲೂ ಯಾರೋ ನೋಡ್ತಿರ್ತಾರೆ" ಎಂದರು.

ನಮ್ಮವರು ಆವತ್ತು ಸೋತರು. ಎಂಟನೆಯ ಚೆಂಡು ಪಾಕೆಟ್ಟಿನ ತುಟಿಗೆ ತಾಗಿ ಅಲ್ಲಾಡಿ ನಿಂತುಬಿಟ್ಟಿತು. ಅದನ್ನೂ ಒಂಬತ್ತನೆಯದನ್ನೂ ಎದುರಾಳಿ ಸುಲಭವಾಗಿ ಬೀಳಿಸಿದ. ಕ್ಯಾಮೆರಾದವರ ಕೈ ನಮ್ಮವರ ಕಡೆ ತಿರುಗುತ್ತಿತ್ತು. ಅತ್ತೆ ಆ ತೋಳಿನ ಮೇಲೆ ಮೆಲ್ಲಗೆ ಕೈಯಿಟ್ಟರು.

"ಈಗ ಬೇಡಪ್ಪಾ."

ಅವರು ಒಂದು ಗಳಿಗೆ ಅತ್ತೆಯನ್ನು ನೋಡಿದರು. ಆಮೇಲೆ ಕ್ಯಾಮೆರಾವನ್ನು ಖಾಲಿ ಮೇಜಿನ ಮೇಲೆ, ಹಸಿರು ಬಟ್ಟೆಯ ಮೇಲೆ ನಿಲ್ಲಿಸಿ, ಚಪ್ಪಾಳೆ ಮುಗಿಯುವವರೆಗೂ ಅಲ್ಲೇ ಬಿಟ್ಟರು. ಮನೆಯಲ್ಲಿ ಕೂತು ನೋಡುತ್ತಿದ್ದ ಯಾರೋ ಖಂಡಿತ ಬೈದುಕೊಂಡಿರಬೇಕು.

ಇಳಿಯುವಾಗ ಕುರ್ಚಿಯ ಒಂದು ಬದಿಯನ್ನು ಅವರೇ ಹಿಡಿದರು. ಆಟೋ ಹತ್ತಿಸಿ, ಅತ್ತೆಗೆ ಕೈ ಮುಗಿದು, ಮಗಳ ಮದುವೆ ಗೊತ್ತಾದರೆ ಕರೆಯುತ್ತೇನೆ ಎಂದರು. "ಅಲ್ಲಿ ವಿಡಿಯೋ ಯಾರು ತೆಗೀತಾರೆ?" ಎಂದು ಅತ್ತೆ ಕೇಳಿದಾಗ ಅವರು ನಕ್ಕುಬಿಟ್ಟರು.

ಆಟೋ ಹೊರಟ ಮೇಲೆ ನಮ್ಮವರು ಅಮ್ಮನ ಕಡೆ ತಿರುಗಿದರು. "ಅಮ್ಮಾ, ಆ ಎಂಟನೇದು..."

"ಆಮಾ, ಹೌದಪ್ಪಾ, ನೋಡಿದೆ. ಹಸಿವಾಗಿದ್ಯೇನೋ?"

ದಾರಿಯಲ್ಲಿ ಉಡುಪಿ ಕಡೆಯವರ ಹೋಟೆಲಿನ ಮುಂದೆ ಆಟೋ ನಿಲ್ಲಿಸಿದೆವು. ಬಿದ್ದ ಮೇಲೆ ಅತ್ತೆ ಹೊರಗೆ ತಿಂದದ್ದು ಅದೇ ಮೊದಲು. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು, ವಾಕರನ್ನು ಗೋಡೆಗೆ ಒರಗಿಸಿ, ನಮ್ಮಿಬ್ಬರನ್ನು ಕೇಳದೆಯೇ ಮೂರು ರವೆ ದೋಸೆ ಹೇಳಿದರು. ಬಿಸಿಯಾಗಿ ಬರಲಿ, ಅವಸರವಿಲ್ಲ ಎಂದರು.